ಉಪಾಸಕರ ಕೈಯಲ್ಲಿ ರಿಮೋಟ್

ಪಂಚಶೀಲ ಸ್ವೀಕರಿಸಿ ಕೆಲವು ತಿಂಗಳಾದವರು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ: ಇನ್ನು ಸಿನಿಮಾ ನೋಡಬಹುದೇ? ವಿಪಶ್ಯನ ಶಿಬಿರ ಮುಗಿಸಿ ಬಂದವರ ಪ್ರಶ್ನೆಯ ರೂಪ ಸ್ವಲ್ಪ ಬೇರೆ. ಹತ್ತು ದಿನ ಫೋನನ್ನು ಒಪ್ಪಿಸಿ, ಓದು ಬರಹವನ್ನೂ ಬಿಟ್ಟು ಕೂತಿದ್ದವರು ಊರಿಗೆ ಮರಳುವ ಬಸ್ಸಿನಲ್ಲೇ ರೀಲ್ಸ್ ತೆರೆದುಬಿಟ್ಟರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆ ಕಿವುಚಿದಂತಾಯಿತೇ ಎಂಬುದು ಅವರ ಚಿಂತೆ. ಇಬ್ಬರಿಗೂ ಬೇಕಿರುವುದು ಒಂದು ಪಟ್ಟಿ. ಇದನ್ನು ನೋಡಬಹುದು, ಇದನ್ನು ಕೂಡದು, ಇದು ಭಾನುವಾರ ಮಾತ್ರ. ಬುದ್ಧ ಗೃಹಸ್ಥರಿಗೆ ಅಂಥ ಪಟ್ಟಿಯನ್ನು ಕೊಡಲಿಲ್ಲ. ಒಂದು ಪರೀಕ್ಷೆಯನ್ನು ಕೊಟ್ಟ. ಅದರ ಬಳಕೆ ತಿಳಿದರೆ ಪಟ್ಟಿಯನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಮನಸ್ಸು ನೋಡಿಕೊಂಡು ಬರೆದುಕೊಳ್ಳಬಹುದು, ಆಗಾಗ ತಿದ್ದಲೂಬಹುದು.

ಮೊದಲು ಯಾರಿಗೆ ಯಾವ ನಿಯಮ ಎಂಬುದು ಸ್ಪಷ್ಟವಾಗಬೇಕು, ಏಕೆಂದರೆ ಗೊಂದಲವೆಲ್ಲ ಅಲ್ಲಿಂದಲೇ ಹುಟ್ಟುತ್ತದೆ. ಗೃಹಸ್ಥರು ನಿತ್ಯ ಪಾಲಿಸುವ ಪಂಚಶೀಲದಲ್ಲಿ ಕೊಲೆ, ಕಳವು, ಕಾಮದಲ್ಲಿ ಅನಾಚಾರ, ಸುಳ್ಳು, ಮಾದಕ ವಸ್ತು ಇವು ಐದೇ ಇವೆ. ಸಂಗೀತ, ನಾಟಕ, ಸಿನಿಮಾಗಳ ಮಾತೇ ಅಲ್ಲಿಲ್ಲ. ಅಷ್ಟಶೀಲ ತೆಗೆದುಕೊಂಡಾಗ ಏಳನೆಯದಾಗಿ ಕುಣಿತ, ಹಾಡು, ವಾದ್ಯ, ಆಟನೋಟಗಳಿಂದ ದೂರವಿರುವ ಶೀಲ ಬರುತ್ತದೆ. ಹೂಮಾಲೆ, ಸುಗಂಧ, ಅಲಂಕಾರಗಳನ್ನು ಬಿಡುವುದೂ ಅದರೊಳಗೇ ಸೇರಿದೆ. ಇದು ಉಪೋಸಥ ದಿನದ ವ್ರತ, ಅಂದರೆ ಹುಣ್ಣಿಮೆ, ಅಮಾವಾಸ್ಯೆ, ಎರಡು ಅಷ್ಟಮಿಗಳದ್ದು. ವಿಪಶ್ಯನ ಶಿಬಿರಗಳಲ್ಲೂ ಹೊಸಬರಿಗೆ ಐದು ಶೀಲ, ಹಿಂದೆ ಶಿಬಿರ ಮಾಡಿದವರಿಗೆ ಎಂಟು. ಸಾಮಣೇರರ, ಅಂದರೆ ಮರಿಭಿಕ್ಷುಗಳ, ದಶಶೀಲದಲ್ಲಿ ಇದೇ ಶೀಲ ಎರಡಾಗಿ ಒಡೆದುಕೊಂಡು ಏಳು ಮತ್ತು ಎಂಟನೆಯ ಸ್ಥಾನದಲ್ಲಿ ಕೂರುತ್ತದೆ. ಹೀಗಾಗಿ ಮಂಗಳವಾರ ರಾತ್ರಿ ಊಟದ ನಂತರ ಸಿನಿಮಾ ನೋಡಿದ ಉಪಾಸಕಿ ಯಾವ ಶೀಲವನ್ನೂ ಮುರಿದಿಲ್ಲ. ಆ ಸಿನಿಮಾವನ್ನು ಟೆಲಿಗ್ರಾಂನಲ್ಲಿ ಕದ್ದ ಪ್ರತಿಯಾಗಿ ಇಳಿಸಿಕೊಂಡಿದ್ದರೆ ಮಾತ್ರ ಎರಡನೆಯ ಶೀಲ ನೆನಪಾಗಬೇಕು. ಇದನ್ನು ಯಾರೂ ಕೇಳುವುದಿಲ್ಲ ಎಂಬುದು ಸ್ವಾರಸ್ಯ. ಸಿನಿಮಾ ನೋಡಿದ್ದು ಪಾಪವೇ ಎಂದು ಕೊರಗುವವರಿಗೆ ಟಿಕೆಟ್ಟಿಲ್ಲದೆ ನೋಡಿದ್ದು ಹೊಳೆದೇ ಇರುವುದಿಲ್ಲ.

ಭಿಕ್ಷುಗಳಿಗೆ ಈ ನಿಯಮ ಬಂದ ಕಥೆ ವಿನಯಪಿಟಕದಲ್ಲಿದೆ. ರಾಜಗೃಹದಲ್ಲಿ ಬೆಟ್ಟದ ಮೇಲೆ ಜಾತ್ರೆಯಂಥ ಉತ್ಸವ ನಡೆಯುತ್ತಿತ್ತು. ಯಾವ ಕಿತಾಪತಿಯಲ್ಲೂ ಮುಂದಿರುತ್ತಿದ್ದ ಆರು ಭಿಕ್ಷುಗಳ ಗುಂಪು ಅಲ್ಲಿಗೆ ಹೋಯಿತು. ಸಂಸಾರಸ್ಥರ ಹಾಗೆ ಇವರೂ ಬಂದು ಕೂತಿದ್ದಾರಲ್ಲ ಎಂದು ಜನ ಆಡಿಕೊಂಡರು. ಕುಣಿತ, ಹಾಡು, ವಾದ್ಯ ನೋಡಲು ಹೋಗಬಾರದು ಎಂಬ ನಿಯಮವಾಯಿತು. ಭಿಕ್ಷುಣಿಯರಿಗಿರುವ ಇದೇ ಬಗೆಯ ನಿಯಮದ ವಿವರಣೆ ಇನ್ನೂ ಕುತೂಹಲಕರ. ವಿಹಾರದಲ್ಲೇ ನಿಂತಿರುವಾಗ ಕಣ್ಣಿಗೆ ಬಿದ್ದರೆ ದೋಷವಿಲ್ಲ, ಅವಳು ಕೂತಲ್ಲಿಗೇ ಅವರು ಬಂದು ಕುಣಿದರೆ ದೋಷವಿಲ್ಲ, ಕೆಲಸಕ್ಕೆ ಹೋಗುವ ದಾರಿಯಲ್ಲಿ ಕಂಡರೆ ದೋಷವಿಲ್ಲ. ದೋಷವಿರುವುದು ಅದಕ್ಕೆಂದೇ ಎದ್ದು ಹೋಗುವುದರಲ್ಲಿ.

ಪಕ್ಕದ ಕೋಣೆಯಲ್ಲಿ ಅತ್ತೆಯವರು ಧಾರಾವಾಹಿ ಹಾಕಿಕೊಂಡಾಗ ಅಷ್ಟಶೀಲದ ದಿನ ಕಿವಿಗೆ ಹತ್ತಿ ತುರುಕಿಕೊಳ್ಳಬೇಕಾಗಿಲ್ಲ ಎಂಬುದಕ್ಕೆ ಇಷ್ಟು ಆಧಾರ ಸಾಕು. ಆದರೆ ಎದ್ದು ಹೋಗುವುದು ಎಂಬ ಕ್ರಿಯೆ ಇತ್ತಲ್ಲ, ಎರಡೂವರೆ ಸಾವಿರ ವರ್ಷ ಅದೇ ಒಂದು ತಡೆಯಾಗಿತ್ತು. ಚಪ್ಪಲಿ ಮೆಟ್ಟಿಕೊಳ್ಳಬೇಕು, ನಾಲ್ಕು ಹೆಜ್ಜೆ ನಡೆಯಬೇಕು, ಎಲ್ಲಿಗೆ ಎಂದು ಯಾರಾದರೂ ಕೇಳಿದರೆ ಉತ್ತರ ಕೊಡಬೇಕು. ಅಷ್ಟು ಹೊತ್ತಿನಲ್ಲಿ ಹೋಗಬೇಕೇ ಬೇಡವೇ ಎಂದು ಮನಸ್ಸು ಒಮ್ಮೆ ತಿರುಗಿ ನೋಡಿಕೊಳ್ಳುತ್ತಿತ್ತು. ಫೋನು ಆ ನಡಿಗೆಯನ್ನೇ ತೆಗೆದುಹಾಕಿದೆ. ಈಗ ಬೆಟ್ಟದ ಜಾತ್ರೆ ದಿಂಬಿನ ಪಕ್ಕದಲ್ಲಿ ಬಂದು ಕೂತಿದೆ, ಒಂದು ಮುಗಿಯುವ ಮೊದಲೇ ಇನ್ನೊಂದನ್ನು ತಾನೇ ಹಚ್ಚುತ್ತದೆ. ನನ್ನ ಮಟ್ಟಿಗೆ ಇಂದಿನ ಸಾಧಕರ ಕಷ್ಟವೆಲ್ಲ ಇದರಲ್ಲೇ ಇದೆ. ಏನು ನೋಡುತ್ತೇವೆ ಎಂಬುದಕ್ಕಿಂತ, ನೋಡಬೇಕೆಂದು ನಿರ್ಧರಿಸಿದವರು ಯಾರು ಎಂಬುದು ದೊಡ್ಡ ಪ್ರಶ್ನೆಯಾಗಿದೆ.

ಹುಡುಕಾಟವೆಂಬ ನಷ್ಟ

ಗೃಹಸ್ಥರ ಮನರಂಜನೆಯ ಬಗ್ಗೆ ನೇರ ಮಾತು ಬರುವುದು ದೀಘನಿಕಾಯದ ಸಿಗಾಲೋವಾದ ಸುತ್ತ ಎಂಬ ಉಪದೇಶದಲ್ಲಿ. ಒದ್ದೆ ಬಟ್ಟೆಯಲ್ಲಿ ನಿಂತು ಆರು ದಿಕ್ಕುಗಳಿಗೆ ಕೈಮುಗಿಯುತ್ತಿದ್ದ ಸಿಗಾಲನೆಂಬ ತರುಣನಿಗೆ ಬುದ್ಧ ಸಂಸಾರ ನಡೆಸುವ ಬಗೆ ಹೇಳುತ್ತಾನೆ. ಸಂಪತ್ತು ಸೋರಿಹೋಗುವ ಆರು ದಾರಿಗಳಲ್ಲಿ ಕುಡಿತ, ಅವೇಳೆಯ ಅಲೆದಾಟ, ಜೂಜು, ಕೆಟ್ಟ ಸಹವಾಸ, ಸೋಮಾರಿತನದ ಜೊತೆಗೆ ಆಟನೋಟಗಳ ಬೆನ್ನು ಹತ್ತುವುದೂ ಒಂದು. ಪ್ರತಿಯೊಂದಕ್ಕೂ ಆರಾರು ಕೇಡುಗಳನ್ನು ಎಣಿಸಲಾಗಿದೆ. ಜೂಜಿನ ಪಟ್ಟಿ ಭಯಂಕರವಾಗಿದೆ: ಗೆದ್ದರೆ ದ್ವೇಷ, ಸೋತರೆ ಸಂಕಟ, ಹಣ ಹಾಳು, ಸಭೆಯಲ್ಲಿ ಮಾತಿಗೆ ಬೆಲೆಯಿಲ್ಲ, ಗೆಳೆಯರ ತಾತ್ಸಾರ, ಹೆಣ್ಣು ಕೊಡುವವರಿಲ್ಲ. ಆಟನೋಟಗಳ ಪಟ್ಟಿಗೆ ಬಂದರೆ ಅಂಥದ್ದೇನೂ ಇಲ್ಲ. ಕುಣಿತ ಎಲ್ಲಿ, ಹಾಡು ಎಲ್ಲಿ, ವಾದ್ಯ, ಕಥಾವಾಚನ, ಕೈತಾಳ, ಡೋಲು ಎಲ್ಲಿ ಎಂದು ಹುಡುಕುತ್ತಲೇ ಇರುವುದು, ಇವೇ ಆರು ಕೇಡುಗಳು.

ನೋಡಿದ್ದರಿಂದ ನರಕ ಬರುತ್ತದೆಂದು ಸಿಗಾಲನಿಗೆ ಹೇಳಲಿಲ್ಲ. ಮುಂದಿನದು ಎಲ್ಲಿದೆ ಎಂಬ ಚಡಪಡಿಕೆಯೇ ಕೇಡು. ಒಟಿಟಿಯ ಮುಖಪುಟದಲ್ಲಿ ಮುಕ್ಕಾಲು ಗಂಟೆ ಪೋಸ್ಟರುಗಳನ್ನು ಸರಿಸಿ ಸರಿಸಿ, ಏನನ್ನೂ ನೋಡದೆ ಮಲಗುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೂಜಿನ ವಿಷಯದಲ್ಲಿ ಸುತ್ತ ಎಷ್ಟು ಖಡಾಖಂಡಿತವೋ ನಾವೂ ಅಷ್ಟೇ ಇರಬೇಕು. ಹಣ ಕಟ್ಟುವ ರಮ್ಮಿ, ಫ್ಯಾಂಟಸಿ ಕ್ರಿಕೆಟ್‌ಗಳನ್ನು ಮನರಂಜನೆಯ ಲೆಕ್ಕಕ್ಕೆ ಸೇರಿಸಿ ಚರ್ಚಿಸುವುದೇ ತಪ್ಪು.

ಅಶೋಕನ ನಿಲುವೂ ಇದರ ಹತ್ತಿರಕ್ಕೇ ಬರುತ್ತದೆ. ಬಳ್ಳಾರಿಯಾಚೆ ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಗಳ ಮೇಲೆ ಅವನ ಹದಿನಾಲ್ಕು ಮಹಾಶಾಸನಗಳಿವೆ. ಮೊದಲನೆಯದರಲ್ಲಿ ಜನ ನೆರೆದು ಮೋಜು ಮಾಡುವ ಸಮಾಜಗಳಲ್ಲಿ ತಾನು ಬಹಳ ದೋಷ ಕಾಣುವುದಾಗಿ ಹೇಳಿ ಅವನ್ನು ನಿಷೇಧಿಸುತ್ತಾನೆ. ಮರುಕ್ಷಣವೇ ಕೆಲವು ಸಮಾಜಗಳು ತನಗೆ ಒಳ್ಳೆಯವೆಂದೇ ತೋರಿವೆ ಎಂದು ಸೇರಿಸುತ್ತಾನೆ. ನಾಲ್ಕನೆಯ ಶಾಸನದಲ್ಲಿ ಜನರಿಗೆ ವಿಮಾನ, ಆನೆ, ಬೆಂಕಿಯ ರಾಶಿ ಮುಂತಾದ ದಿವ್ಯ ದೃಶ್ಯಗಳನ್ನು ತೋರಿಸಿ ಧರ್ಮದ ಕಡೆ ಒಲಿಸಿದ್ದಾಗಿ ಬರೆಸಿದ್ದಾನೆ. ಕೆಲವು ಪ್ರದರ್ಶನಗಳನ್ನು ನಿಲ್ಲಿಸಿದ, ಕೆಲವನ್ನು ತಾನೇ ನಡೆಸಿದ. ಕನಗನಹಳ್ಳಿಯ ಸ್ತೂಪದ ಕಲ್ಲುಗಳ ಮೇಲೆ ಕಥೆಗಳನ್ನು ಕೆತ್ತಿದವರು, ನಾಗಾನಂದದಂಥ ನಾಟಕ ಬರೆದ ಹರ್ಷ, ಕಾವ್ಯ ಬರೆದ ಅಶ್ವಘೋಷ ಎಲ್ಲರೂ ಆ ಎರಡನೆಯ ಬಗೆಗೆ ಸೇರಿದವರು.

ಪರೀಕ್ಷೆ

ಈಗ ಪರೀಕ್ಷೆಗೆ ಬರೋಣ. ಅದು ಸಕ್ಕಪಞ್ಹ ಸುತ್ತದಲ್ಲಿದೆ, ಅದು ಬಂದ ಸಂದರ್ಭವೂ ತಮಾಷೆಯದು. ರಾಜಗೃಹದ ಬಳಿಯ ಇಂದಸಾಲ ಗುಹೆಯಲ್ಲಿ ಬುದ್ಧ ಧ್ಯಾನಸ್ಥನಾಗಿದ್ದಾನೆ. ದೇವರಾಜ ಸಕ್ಕನಿಗೆ ಅವನನ್ನು ಕಾಣಬೇಕು, ನೇರ ಹೋಗಲು ಅಳುಕು. ಪಞ್ಚಸಿಖನೆಂಬ ಗಂಧರ್ವನನ್ನು ಮುಂದೆ ಕಳಿಸುತ್ತಾನೆ. ಇವನು ಬಿಲ್ವದ ವೀಣೆ ಹಿಡಿದು ಹಾಡುವುದು ಶುದ್ಧ ಪ್ರೇಮಗೀತೆ. ಭದ್ದಾ ಸುರಿಯವಚ್ಛಸಾ ಎಂಬ ಗಂಧರ್ವಕನ್ಯೆಗಾಗಿ ಕಟ್ಟಿದ್ದು. ನಡುನಡುವೆ ಬುದ್ಧ, ಧರ್ಮ, ಅರಹಂತರ ಹೆಸರುಗಳೂ ಬರುತ್ತವೆ. ಅವಳಿಗೋ ಬೇರೊಬ್ಬನ ಮೇಲೆ ಮನಸ್ಸು. ಬುದ್ಧ ಹಾಡನ್ನು ತಡೆಯುವುದಿಲ್ಲ. ತಂತಿಯ ದನಿಗೂ ಕಂಠದ ದನಿಗೂ ಒಳ್ಳೆಯ ಹೊಂದಿಕೆಯಿದೆ ಎಂದು ಮೆಚ್ಚಿ, ಇದನ್ನು ಯಾವಾಗ ಕಟ್ಟಿದೆ ಎಂದು ವಿಚಾರಿಸುತ್ತಾನೆ.

ಅನಂತರ ಒಳಗೆ ಬಂದ ಸಕ್ಕನ ಪ್ರಶ್ನೆಗಳಿಗೆ ಕೊಟ್ಟ ಉತ್ತರದಲ್ಲಿ ನಮಗೆ ಬೇಕಾದ ಮಾತಿದೆ. ಸಂತೋಷ ಎರಡು ಬಗೆ, ಅನುಸರಿಸಬೇಕಾದದ್ದು ಮತ್ತು ಬಿಡಬೇಕಾದದ್ದು. ಕಣ್ಣಿಗೆ ಕಾಣುವ ರೂಪವೂ ಎರಡು ಬಗೆ, ಕಿವಿಗೆ ಕೇಳುವ ದನಿಯೂ ಹಾಗೆಯೇ. ಯಾವುದನ್ನು ಸೇವಿಸಿದಾಗ ಅಕುಶಲ ಹೆಚ್ಚಿ ಕುಶಲ ಕುಗ್ಗುತ್ತದೋ ಅದು ಬೇಡ. ಯಾವುದರಿಂದ ಅಕುಶಲ ಕುಗ್ಗಿ ಕುಶಲ ಹೆಚ್ಚುತ್ತದೋ ಅದನ್ನು ಅನುಸರಿಸಬಹುದು. ಮಜ್ಝಿಮನಿಕಾಯದ ೧೧೪ನೆಯ ಸುತ್ತದಲ್ಲಿ ಸಾರಿಪುತ್ತ ಇದನ್ನೇ ವಿಸ್ತರಿಸಿದ್ದಾನೆ. ಅಕುಶಲ ಎಂದರೆ ರಾಗ, ದ್ವೇಷ, ಮೋಹ ಮತ್ತು ಅವುಗಳ ಸಂತಾನ: ಹೊಟ್ಟೆಕಿಚ್ಚು, ಕಾತರ, ಜಡತ್ವ, ತಾತ್ಸಾರ. ಕುಶಲ ಎಂದರೆ ಮೈತ್ರಿ, ಕರುಣೆ, ಎಚ್ಚರ, ಸಮಾಧಾನ. ಇಲ್ಲಿ ವಸ್ತುವಿಗೆ ಅಂಕ ಕೊಡುವುದಿಲ್ಲ, ಅದು ನನ್ನೊಳಗೆ ಮಾಡುವ ಕೆಲಸಕ್ಕೆ ಕೊಡುತ್ತೇವೆ. ಆದ್ದರಿಂದಲೇ ಒಬ್ಬರಿಗೆ ಸೇವಿಸಬಹುದಾದ್ದು ಇನ್ನೊಬ್ಬರಿಗೆ ಬೇಡವಾಗಬಹುದು. ತಂದೆಯನ್ನು ಈಚೆಗೆ ಕಳೆದುಕೊಂಡವರಿಗೆ ಒಂದು ಸಿನಿಮಾದ ಆಸ್ಪತ್ರೆ ದೃಶ್ಯ ದುಃಖವನ್ನು ಹಗುರ ಮಾಡೀತು, ಆತಂಕದ ಕಾಯಿಲೆ ಇರುವವರಿಗೆ ಅದೇ ದೃಶ್ಯ ವಾರಗಟ್ಟಲೆ ನಿದ್ದೆ ಕೆಡಿಸೀತು.

ಪರೀಕ್ಷೆಯನ್ನು ಯಾವಾಗ ಮಾಡಬೇಕು? ಅದಕ್ಕೂ ಒಂದು ಕ್ರಮವಿದೆ. ಮಗ ರಾಹುಲನಿಗೆ ಬುದ್ಧ ಕನ್ನಡಿಯ ಉಪಮೆ ಕೊಟ್ಟು ಹೇಳಿದ್ದು: ಕಾಯ, ವಾಕ್ಕು, ಮನಸ್ಸುಗಳಿಂದ ಏನು ಮಾಡುವುದಿದ್ದರೂ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ಮೂರು ಸಲ ನೋಡಿಕೊಳ್ಳಬೇಕು. ಪರದೆಯ ಮುಂದೆ ಇದು ಹೀಗೆ ಕೆಲಸ ಮಾಡುತ್ತದೆ.

ಮೊದಲು ನೋಡಿಕೊಳ್ಳುವುದೆಂದರೆ ಕೈ ಫೋನಿನ ಕಡೆ ಹೋಗುವಾಗ ಮನಸ್ಸಿನಲ್ಲಿ ಇರುವುದೇನು ಎಂದು ಗುರುತಿಸುವುದು. ಬೇಸರವೇ, ಒಂಟಿತನವೇ, ಮಾಡಬೇಕಾದ ಕೆಲಸದಿಂದ ತಪ್ಪಿಸಿಕೊಳ್ಳುವ ಉಪಾಯವೇ, ಅಥವಾ ನಿಜವಾಗಿ ಆ ಯಕ್ಷಗಾನವನ್ನು ನೋಡಬೇಕೆಂದೇ? ಬೇಸರವಾದರೆ ತೆರೆಯಬಾರದೆಂದೇನಿಲ್ಲ. ಬೇಸರ ಎಂದು ಗುರುತಿಸಿ ತೆರೆದರೂ ಅರ್ಧ ಕೆಲಸ ಆದಂತೆ, ಏಕೆಂದರೆ ಆಗ ನಿರ್ಧರಿಸಿದವರು ನೀವು. ನೋಡುವಾಗ ಗಮನ ಕಥೆಯಲ್ಲಿದ್ದರೂ ಆಗಾಗ ಮೈಯನ್ನು ಮುಟ್ಟಿ ಬರಲಿ. ದವಡೆ ಬಿಗಿದಿದೆಯೇ, ಉಸಿರು ಮೇಲೆ ನಿಂತಿದೆಯೇ, ಹೊಟ್ಟೆ ಗಂಟಾಗಿದೆಯೇ. ವಿಪಶ್ಯನ ಅಭ್ಯಾಸವಿರುವವರಿಗೆ ಇದು ಹೊಸದಲ್ಲ: ಸ್ಪರ್ಶದಿಂದ ವೇದನೆ, ವೇದನೆಯಿಂದ ತೃಷ್ಣೆ. ಪರದೆಯ ಮೇಲಿನ ಬೆಳಕು ಕಣ್ಣಿಗೆ ತಾಗಿದ್ದು ಸ್ಪರ್ಶ, ಹಿತವೋ ಅಹಿತವೋ ಅನ್ನಿಸಿದ್ದು ವೇದನೆ, ಇನ್ನೊಂದು ಬೇಕು ಎಂದು ಹೆಬ್ಬೆರಳು ಮೇಲಕ್ಕೆ ಜಾರಿದ್ದು ತೃಷ್ಣೆ. ವೇದನೆಗೂ ಹೆಬ್ಬೆರಳಿಗೂ ನಡುವೆ ಇರುವ ಸಣ್ಣ ಜಾಗದಲ್ಲೇ ಸಾಧನೆ ನಡೆಯಬೇಕು. ಹದಿನೈದು ಸೆಕೆಂಡಿನ ವಿಡಿಯೋ ಆ ಜಾಗವನ್ನು ಬಹಳ ಕಿರಿದು ಮಾಡುತ್ತದೆ, ಮೂರು ಗಂಟೆಯ ನಾಟಕ ಅಷ್ಟು ಮಾಡುವುದಿಲ್ಲ. ರೂಪ ಮುಖ್ಯವಾಗುವುದು ಹೀಗೆ. ಧರ್ಮದ ವಿಷಯವನ್ನೇ ಹೇಳುವ ರೀಲ್ಸ್ ಕೂಡ ರೀಲ್ಸೇ.

ಮುಗಿದ ಮೇಲೆ ನೋಡುವುದು ಎಲ್ಲಕ್ಕಿಂತ ಹೆಚ್ಚು ಕಲಿಸುತ್ತದೆ, ಎಲ್ಲರೂ ಬಿಡುವುದೂ ಅದನ್ನೇ. ಪರದೆ ಆರಿಸಿ ಹತ್ತು ನಿಮಿಷ ಸುಮ್ಮನೆ ಕೂತರೆ ಮನಸ್ಸು ಯಾವ ದೃಶ್ಯವನ್ನು ಮತ್ತೆ ಓಡಿಸುತ್ತಿದೆ ಎಂದು ಗೊತ್ತಾಗುತ್ತದೆ. ಮರುದಿನ ಬೆಳಗಿನ ಧ್ಯಾನದಲ್ಲಿ ಯಾರು ಬಂದು ಕೂತರು ಎಂಬುದೂ ಗೊತ್ತಾಗುತ್ತದೆ. ಯಾವುದನ್ನು ಹೆಚ್ಚು ಚಿಂತಿಸುತ್ತೇವೋ ಮನಸ್ಸು ಅತ್ತಲೇ ಬಾಗುತ್ತದೆ ಎಂದು ದ್ವೇಧಾವಿತಕ್ಕ ಸುತ್ತ ಹೇಳುವುದಕ್ಕೆ ಬೇರೆ ಪುರಾವೆ ಬೇಕಾಗುವುದಿಲ್ಲ. ಕೆಲವರು ನೋಡಿದ್ದರ ಮುಂದೆ ಒಂದು ಪದ ಬರೆದಿಡುತ್ತಾರೆ: ಹಗುರ, ಉರಿ, ಮಂಕು, ಕರಗಿದೆ. ಒಂದು ತಿಂಗಳ ಪದಗಳನ್ನು ಒಟ್ಟಿಗೆ ಓದಿದರೆ ಯಾವ ಚಾನೆಲ್ಲು ಬಿಡಬೇಕೆಂದು ಗುರುಗಳನ್ನು ಕೇಳಬೇಕಾಗಿ ಬರುವುದಿಲ್ಲ.

ಹೊಡೆದಾಟ, ನಗೆ, ಸುದ್ದಿ

ಹೊಡೆದಾಟದ ಸಿನಿಮಾ ನೋಡಿದರೆ, ವಿಡಿಯೋ ಗೇಮಿನಲ್ಲಿ ಗುಂಡು ಹಾರಿಸಿದರೆ ಮೊದಲ ಶೀಲ ಮುರಿಯುತ್ತದೆಯೇ? ಇಲ್ಲ. ಅಟ್ಠಕಥೆಗಳೆಂಬ ಹಳೆಯ ವ್ಯಾಖ್ಯಾನಗಳ ಪ್ರಕಾರ ಪ್ರಾಣಾತಿಪಾತಕ್ಕೆ ಐದು ಅಂಗಗಳು ಕೂಡಬೇಕು: ಜೀವಿ ಇರಬೇಕು, ಜೀವಿಯೆಂದು ತಿಳಿದಿರಬೇಕು, ಕೊಲ್ಲುವ ಉದ್ದೇಶ, ಪ್ರಯತ್ನ, ಸಾವು. ಪರದೆಯ ಮೇಲೆ ಮೊದಲ ಅಂಗವೇ ಇಲ್ಲ. ಆದರೆ ಕರ್ಮವೆಂದರೆ ಚೇತನಾ, ಅಂದರೆ ಉದ್ದೇಶ. ಮನಸ್ಸಿನಿಂದ ಮಾಡಿದ್ದೂ ಕರ್ಮ. ಖಳನ ಕತ್ತು ಮುರಿದಾಗ ಚಿತ್ರಮಂದಿರದಲ್ಲಿ ಶಿಳ್ಳೆ ಹೊಡೆದ ಕ್ಷಣದಲ್ಲಿ ಒಳಗೆ ಏನಿತ್ತು ಎಂಬುದನ್ನು ನೋಡಿಕೊಳ್ಳಬೇಕಾದವರು ಅವರವರೇ. ಪ್ರತೀಕಾರದ ಕಥೆಗಳ ಬಗ್ಗೆ ನನಗೆ ವೈಯಕ್ತಿಕವಾಗಿ ಅನುಮಾನ ಜಾಸ್ತಿ, ಹಿಂಸೆಯ ಪ್ರಮಾಣಕ್ಕಿಂತ ಅವು ಕೊಡುವ ಸಮರ್ಥನೆಗಾಗಿ. ಯುದ್ಧದ ಭೀಕರತೆ ತೋರಿಸುವ ಚಿತ್ರದಲ್ಲಿ ಹೆಣಗಳು ಹೆಚ್ಚಿದ್ದರೂ ನೋಡಿದವರು ಮೆತ್ತಗಾಗಿ ಹೊರಬರುವುದುಂಟು.

ಕಾಲ್ಪನಿಕಕ್ಕೂ ನಿಜಕ್ಕೂ ನಡುವೆ ಮಾತ್ರ ಗೆರೆ ದಪ್ಪಗೇ ಇರಲಿ. ನಿಜವಾದ ಜೀವಿಗೆ ನಿಜವಾದ ನೋವಾಗುತ್ತಿರುವಾಗ ಅದನ್ನು ಮೋಜಿಗೆ ನೋಡುವುದು ಬೇರೆಯೇ ವಿಷಯ. ತಾನು ಕೊಲ್ಲುವುದು, ಕೊಲ್ಲಿಸುವುದು ಮಾತ್ರವಲ್ಲ, ಕೊಲೆಯನ್ನು ಒಪ್ಪುವುದು, ಹೊಗಳುವುದು ಕೂಡ ಅಂಗುತ್ತರನಿಕಾಯದಲ್ಲಿ ಒಂದೇ ಸಾಲಿನಲ್ಲಿ ಬರುತ್ತವೆ. ಬ್ರಹ್ಮಜಾಲ ಸುತ್ತದ ಪಟ್ಟಿಯಲ್ಲಿ ಆನೆ, ಕುದುರೆ, ಕೋಣ, ಟಗರು, ಕೋಳಿಗಳ ಕಾಳಗಗಳಿವೆ. ಕರಾವಳಿಯ ಕೋಳಿ ಅಂಕವನ್ನು ಬುದ್ಧನ ಕಾಲದವರಿಗೆ ಪರಿಚಯಿಸಬೇಕಾಗಿಲ್ಲ. ಗುಂಪು ಯಾರನ್ನೋ ಥಳಿಸುವ ವಾಟ್ಸ್ಆ್ಯಪ್ ವಿಡಿಯೋ ಇದೇ ಸಾಲಿಗೆ ಸೇರುತ್ತದೆ. ಅದನ್ನು ಮುಂದಕ್ಕೆ ಕಳಿಸುವುದಂತೂ ಸಮ್ಯಕ್ ವಾಕ್ಕಿನ ಪ್ರಶ್ನೆ: ಸುಳ್ಳು, ಚಾಡಿ, ಕಟುಮಾತು, ಹುರುಳಿಲ್ಲದ ಹರಟೆ ಈ ನಾಲ್ಕನ್ನು ಬಿಡುವುದು ಸಮ್ಯಕ್ ವಾಕ್ಕು, ಫಾರ್ವರ್ಡ್ ಮಾಡಿದ ಸಂದೇಶ ನಾಲ್ಕೂ ಆಗಿರುವ ಸಾಧ್ಯತೆ ಇದೆ.

ನಗೆಯ ಬಗ್ಗೆ ಒಂದು ಕಠಿಣ ಕಥೆಯಿದೆ. ನಟರ ಮೇಳದ ಯಜಮಾನ ತಾಲಪುಟ ವೇಳುವನಕ್ಕೆ ಬಂದು, ರಂಗದ ಮೇಲೆ ಜನರನ್ನು ನಗಿಸುವ ನಟ ಸತ್ತ ಮೇಲೆ ನಗುವ ದೇವತೆಗಳ ಲೋಕಕ್ಕೆ ಹೋಗುತ್ತಾನೆಂದು ಹಳೆಯ ನಟಾಚಾರ್ಯರು ಹೇಳುತ್ತಾರಲ್ಲ, ಭಗವಂತರು ಏನೆನ್ನುತ್ತೀರಿ ಎಂದು ಕೇಳಿದ. ಬುದ್ಧ ಎರಡು ಸಲ ಉತ್ತರಿಸಲು ಒಪ್ಪಲಿಲ್ಲ. ಮೂರನೆಯ ಸಲ ಹೇಳಿದ: ಮೊದಲೇ ರಾಗ, ದ್ವೇಷ, ಮೋಹಗಳಲ್ಲಿ ಕಟ್ಟಿಕೊಂಡಿರುವ ಜನಕ್ಕೆ ಅವನ್ನೇ ಇನ್ನಷ್ಟು ಕೆದಕುವ ಸರಕನ್ನು ಕೊಡುವ, ತಾನೂ ಮತ್ತನಾಗಿ ಪರರನ್ನೂ ಮತ್ತರಾಗಿಸುವ ನಟ ಹೋಗುವುದು ನರಕಕ್ಕೆ. ತಾಲಪುಟ ಅತ್ತ. ಬೈದಿರೆಂದು ಅಲ್ಲ, ಇಷ್ಟು ಕಾಲ ಮೋಸಹೋದೆನಲ್ಲ ಎಂದು. ಭಿಕ್ಷುವಾದ, ಅರಹಂತನಾದ. ಥೇರಗಾಥೆಯಲ್ಲಿ ತನ್ನ ಮನಸ್ಸನ್ನೇ ಎದುರಿಗೆ ಕೂರಿಸಿಕೊಂಡು ಗದರುವ ಅವನ ದೀರ್ಘ ಗಾಥೆಗಳಿವೆ. ನಾಟಕದ ಸ್ವಗತವನ್ನು ಬಲ್ಲವನೇ ಕಟ್ಟಬಹುದಾದ ರಚನೆ ಅದು. ಕಲಾವಿದರು ಈ ಸುತ್ತ ಓದಿ ಹೆದರುವುದುಂಟು. ಉಪಾಸಕರು ಬಿಡಬೇಕಾದ ಐದು ವ್ಯಾಪಾರಗಳು ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ಕಲೆ ಆ ಪಟ್ಟಿಯಲ್ಲಿಲ್ಲ. ಕವಿತೆಯ ಅಮಲಿನಲ್ಲಿ ಅಲೆಯುತ್ತಿದ್ದ ವಂಗೀಸ ಭಿಕ್ಷುವಾದ ಮೇಲೂ ಆಶುಕವಿಯಾಗಿಯೇ ಉಳಿದ, ಬುದ್ಧನೇ ಅವನಿಂದ ಹಾಡಿಸಿದ. ತಾಲಪುಟನಿಗೆ ಕೊಟ್ಟ ಉತ್ತರದಲ್ಲೂ ಇರುವುದು ಅದೇ ಪರೀಕ್ಷೆ, ಈ ಸಲ ನೋಡುವವರ ಬದಲು ಮಾಡುವವರ ಮುಂದಿಟ್ಟಿದೆ, ಅಷ್ಟೇ. ಆ್ಯಪ್‌ಗೆ ಕೋಡ್ ಬರೆಯುವ ಬೆಂಗಳೂರಿನ ಎಂಜಿನಿಯರ್, ಸುದ್ದಿವಾಹಿನಿಯ ಶೀರ್ಷಿಕೆ ಬರೆಯುವವರು ಕೂಡ ಅದನ್ನು ಓದಿಕೊಳ್ಳಬಹುದು.

ಸುದ್ದಿಯನ್ನು ಮನರಂಜನೆ ಎಂದು ಯಾರೂ ಒಪ್ಪಿಕೊಳ್ಳುವುದಿಲ್ಲ, ಅಪಾಯ ಇರುವುದೇ ಅಲ್ಲಿ. ಭಿಕ್ಷುಗಳು ಆಡಬಾರದ ಹರಟೆಯ ಪಟ್ಟಿಯೊಂದು ಸುತ್ತಗಳಲ್ಲಿ ಮತ್ತೆ ಮತ್ತೆ ಬರುತ್ತದೆ: ರಾಜರು, ಕಳ್ಳರು, ಮಂತ್ರಿಗಳು, ಸೇನೆ, ಭಯ, ಯುದ್ಧ, ಊಟ, ಉಡುಗೆ, ವಾಹನ, ಊರು, ವೀರರು, ಬೀದಿಯ ಮಾತು, ನೀರು ಸೇದುವ ಕಡೆಯ ಮಾತು. ರಾತ್ರಿ ಒಂಬತ್ತರ ಚರ್ಚೆಗೆ ಇದಕ್ಕಿಂತ ಪೂರ್ಣವಾದ ವಿಷಯಸೂಚಿ ಸಿಗಲಾರದು. ಗೃಹಸ್ಥರಿಗೆ ಲೋಕದ ವ್ಯವಹಾರ ತಿಳಿದಿರಬೇಕು, ಮತ ಹಾಕಬೇಕು, ಅನ್ಯಾಯ ಕಂಡರೆ ಮಾತಾಡಬೇಕು. ಅಂಬೇಡ್ಕರರ ದಾರಿಯಲ್ಲಿ ಬೌದ್ಧರಾದವರಿಗಂತೂ ಲೋಕಕ್ಕೆ ಬೆನ್ನು ತಿರುಗಿಸುವ ಧರ್ಮ ಧರ್ಮವೇ ಅಲ್ಲ. ಹಾಗಾಗಿ ಸುದ್ದಿ ಬಿಡಿ ಎನ್ನಲಾರೆ. ಬೆಳಗ್ಗೆ ಒಂದು ಪತ್ರಿಕೆ ಓದುವುದು ಒಂದು ಬಗೆ, ಅದೇ ಘಟನೆಗೆ ದಿನವಿಡೀ ಇಪ್ಪತ್ತು ಕಡೆ ಕೋಪಗೊಳ್ಳುವುದು ಇನ್ನೊಂದು. ಓದಿ ಮುಗಿಸಿದ ಮೇಲೆ ಮಾಡಲು ಏನಾದರೂ ಇದ್ದರೆ ಅದು ಮಾಹಿತಿ. ಕೋಪವೊಂದೇ ಉಳಿದಿದ್ದರೆ ಪರೀಕ್ಷೆ ಏನು ಹೇಳುತ್ತದೆಂದು ಗೊತ್ತೇ ಇದೆ.

ನಡಿಗೆಯನ್ನು ಮತ್ತೆ ತಂದುಕೊಳ್ಳುವುದು

ವಿಯೆಟ್ನಾಮಿನ ಭಿಕ್ಷು ಥಿಚ್ ನ್ಹಾಟ್ ಹಾನ್ ಐದನೆಯ ಶೀಲವನ್ನು ಹೊಸದಾಗಿ ಬರೆದಾಗ ಮದ್ಯದ ಜೊತೆಗೆ ಕೆಲವು ಜಾಲತಾಣ, ಗೇಮು, ಟಿವಿ ಕಾರ್ಯಕ್ರಮ, ಸಿನಿಮಾ, ಪತ್ರಿಕೆ, ಪುಸ್ತಕ, ಮಾತುಕತೆಗಳನ್ನೂ ಸೇರಿಸಿದರು. ಇಂದ್ರಿಯಸ್ಪರ್ಶವೂ ಒಂದು ಆಹಾರ ಎಂಬ ಸುತ್ತದ ವಿಚಾರ ಅದಕ್ಕೆ ಆಧಾರ. ಥೇರವಾದದ ಕಟ್ಟುನಿಟ್ಟಿನವರು ಶೀಲದ ಅರ್ಥವನ್ನು ಹೀಗೆ ಹಿಗ್ಗಿಸುವುದನ್ನು ಒಪ್ಪಲಿಕ್ಕಿಲ್ಲ. ಮಾದಕತೆಯ ಲಕ್ಷಣ ಎಚ್ಚರ ತಪ್ಪುವುದು ಎಂದಾದರೆ ರಾತ್ರಿ ಎರಡರ ತನಕ ಸೀರೀಸ್ ನೋಡಿದವರಿಗೆ ವಾದಿಸಲು ಬಾಯಿ ಬರುವುದಿಲ್ಲ.

ಫೋನಿನಲ್ಲಿ ಮಾಡಬಹುದಾದ್ದು ಇಷ್ಟು. ಆಟೋಪ್ಲೇ ಆರಿಸುವುದು. ಕರೆ ಮತ್ತು ಮನೆಯವರ ಸಂದೇಶ ಬಿಟ್ಟು ಉಳಿದ ನೋಟಿಫಿಕೇಶನ್‌ಗಳನ್ನು ನಿಲ್ಲಿಸುವುದು. ಯೂಟ್ಯೂಬ್‌ನಲ್ಲಿ ವೀಕ್ಷಣೆಯ ಇತಿಹಾಸವನ್ನು ಅಳಿಸಿ ನಿಲ್ಲಿಸಿದರೆ ಮುಖಪುಟದ ಶಿಫಾರಸುಗಳು ಬಹುಮಟ್ಟಿಗೆ ಖಾಲಿಯಾಗುತ್ತವೆ. ಆಮೇಲೆ ಬೇಕಾದ್ದನ್ನು ಹೆಸರು ಟೈಪ್ ಮಾಡಿಯೇ ಹುಡುಕಬೇಕು. ಪರದೆಯನ್ನು ಕಪ್ಪುಬಿಳುಪು ಮಾಡುವ ಸೌಲಭ್ಯ ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಇದೆ. ಫೋನು ಚಾರ್ಜ್ ಆಗುವ ಜಾಗ ಹಜಾರದಲ್ಲಿರಲಿ, ಮಲಗುವ ಕೋಣೆಯಲ್ಲಿ ಬೇಡ. ಸಿನಿಮಾವಾದರೆ ಯಾವುದೆಂದು ಹಗಲೇ ನಿರ್ಧರಿಸಿ, ಸಾಧ್ಯವಾದರೆ ಚಿತ್ರಮಂದಿರಕ್ಕೇ ಹೋಗಿ. ಸಂಗೀತ ಕಚೇರಿ, ಆಟದ ಮೇಳ, ರಂಗಶಂಕರದಂಥ ಕಡೆ ನಾಟಕ, ಇವಕ್ಕೆಲ್ಲ ಈಗಲೂ ಚಪ್ಪಲಿ ಮೆಟ್ಟಿಕೊಂಡು ಹೋಗಬೇಕು, ಮುಗಿದಾಗ ಎದ್ದು ಬರಬೇಕು. ವಿನಯದ ನಿಯಮ ಯಾವುದನ್ನು ತಪ್ಪೆಂದು ಹಿಡಿಯಿತೋ ಆ ಎದ್ದು ಹೋಗುವಿಕೆಯೇ ಇಂದಿನ ಗೃಹಸ್ಥರಿಗೆ ರಕ್ಷಣೆ ಎನ್ನುವುದು ವಿಚಿತ್ರ, ಆದರೆ ನಿಜ.

ತಿಂಗಳಿಗೊಮ್ಮೆಯಾದರೂ, ಹುಣ್ಣಿಮೆಯ ದಿನ, ಏಳನೆಯ ಶೀಲವನ್ನು ಹಿಡಿದು ನೋಡುವುದು ಒಳ್ಳೆಯದು. ಬೆಳಗಿನ ಜಾವದಿಂದ ಮರುದಿನ ಬೆಳಗಿನವರೆಗೆ. ಅರಹಂತರು ಬದುಕಿಡೀ ಹೀಗಿರುತ್ತಾರೆ, ನಾನು ಈ ಒಂದು ಹಗಲು ಒಂದು ರಾತ್ರಿ ಹಾಗಿರುತ್ತೇನೆ ಎಂಬುದು ಉಪೋಸಥದ ಭಾವ. ಹಿಂದಿನ ರಾತ್ರಿಯೇ ಮನೆಯವರಿಗೆ ಹೇಳಿಡಿ, ಇಲ್ಲವಾದರೆ ಮುನಿಸಿಕೊಂಡಿದ್ದೀರೆಂದು ತಿಳಿಯುತ್ತಾರೆ. ಬೆಂಗಳೂರಿನವರಿಗೆ ಗಾಂಧಿನಗರದ ಮಹಾಬೋಧಿ ಸೊಸೈಟಿ ಇದೆ, ೧೯೫೬ರಲ್ಲಿ ಆಚಾರ್ಯ ಬುದ್ಧರಕ್ಖಿತರು ಕಟ್ಟಿದ್ದು. ಅಂಥ ಜಾಗ ಹತ್ತಿರವಿಲ್ಲದವರು ಮನೆಯಲ್ಲೇ ಮಾಡಬಹುದು. ಮಧ್ಯಾಹ್ನದ ಮೇಲೆ ಉಣ್ಣದ ಹಸಿವಿಗಿಂತ ಸಂಜೆ ಆರರಿಂದ ಒಂಬತ್ತರ ಖಾಲಿತನ ಕಷ್ಟವೆಂದು ಮೊದಲ ಸಲ ಮಾಡಿದವರು ಹೇಳುತ್ತಾರೆ. ಆ ಮೂರು ಗಂಟೆಗೆ ಮೊದಲೇ ಏನಾದರೂ ಇಟ್ಟುಕೊಳ್ಳಿ: ಜಿ. ಪಿ. ರಾಜರತ್ನಂ ಕನ್ನಡಕ್ಕೆ ತಂದ ಜಾತಕ ಕಥೆಗಳು, ನಡಿಗೆ, ಧ್ಯಾನ. ಮರುದಿನ ಸಾಲ ತೀರಿಸುವವರ ಹಾಗೆ ದುಪ್ಪಟ್ಟು ನೋಡುವಂತಾದರೆ ಅದನ್ನೂ ಬರೆದಿಟ್ಟುಕೊಳ್ಳಿ, ಅದು ತಿಳಿಯಲೆಂದೇ ವ್ರತ ಇರುವುದು.

ಮನೆಯ ಉಳಿದವರ ಮೇಲೆ ಇದನ್ನು ಹೇರಬೇಡಿ. ಐಪಿಎಲ್ ನೋಡುವ ಮಕ್ಕಳ ಪಕ್ಕದಲ್ಲಿ ಕೂತು ಒಂದಿಷ್ಟು ಕೂಗಾಡುವುದರಲ್ಲಿ ಮೈತ್ರಿಯೇ ಹೆಚ್ಚಿರಬಹುದು. ಪಕ್ಕದ ಕೋಣೆಯಲ್ಲಿ ಮುಖ ಗಂಟಿಕ್ಕಿ ಧ್ಯಾನಕ್ಕೆ ಕೂತವರಲ್ಲಿ ತಾತ್ಸಾರವೇ ಹೆಚ್ಚಿರಬಹುದು. ಭೂತಾನದ ಜೋಂಗ್ಸಾರ್ ಖ್ಯೆನ್ತ್ಸೆ ರಿನ್ಪೊಚೆ ೧೯೯೯ರಲ್ಲಿ ಮಾಡಿದ ‘ದಿ ಕಪ್’ ಚಿತ್ರದಲ್ಲಿ ಇದರ ಸೊಗಸಾದ ಉದಾಹರಣೆ ಇದೆ. ಹಿಮಾಚಲದ ಬೀರ್‌ನ ಮಠವೊಂದರಲ್ಲಿ ಅಲ್ಲಿನ ಭಿಕ್ಷುಗಳೇ ನಟಿಸಿದ್ದು. ಫುಟ್‌ಬಾಲ್ ಹುಚ್ಚಿನ ಮರಿಭಿಕ್ಷು ಒರ್ಗ್ಯೆನ್ ೧೯೯೮ರ ವಿಶ್ವಕಪ್ ಫೈನಲ್ ನೋಡಲು ಚಂದಾ ಎತ್ತಿ ಟಿವಿ ಬಾಡಿಗೆಗೆ ತರುತ್ತಾನೆ, ಹಣ ಸಾಲದೆ ಟಿಬೆಟ್‌ನಿಂದ ಆಗಷ್ಟೇ ಬಂದ ಹುಡುಗನ ಗಡಿಯಾರವನ್ನು ಒತ್ತೆಯಿಡಿಸುತ್ತಾನೆ. ಪಂದ್ಯ ಶುರುವಾದ ಮೇಲೆ ಅವನಿಗೆ ನೋಡಲಾಗುವುದಿಲ್ಲ. ಆ ಹುಡುಗನ ಸಪ್ಪೆ ಮುಖ ಕಾಡಿ, ಗಡಿಯಾರ ಬಿಡಿಸಿಕೊಳ್ಳಲು ತನ್ನದೇನನ್ನು ಮಾರಲಿ ಎಂದು ಪೆಟ್ಟಿಗೆ ಹುಡುಕಲು ಎದ್ದುಹೋಗುತ್ತಾನೆ.

ಇನ್ನೊಂದು ಎಚ್ಚರಿಕೆ, ಹೆಚ್ಚಾಗಿ ಹಳಬರಿಗೆ. ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ಮಠದಲ್ಲಿ ಲೋಸಾರ್ ಹಬ್ಬದ ಹೊತ್ತಿಗೆ ಕುಣಿತ ಬಿಟ್ಟ ವ್ರತದ ಭಿಕ್ಷುಗಳೇ ಮುಖವಾಡ ತೊಟ್ಟು ಛಾಮ್ ಕುಣಿಯುತ್ತಾರೆ. ಅದು ಅವರಿಗೆ ಪೂಜೆ. ಸುತ್ತ ನಿಂತು ವಿಡಿಯೋ ಮಾಡುವ ನಮಗೆ ಅದು ಪೂಜೆಯೋ ನೋಟವೋ ಹೇಳುವುದು ಕಷ್ಟ. ಧರ್ಮದ ಹೆಸರಿದ್ದ ಮಾತ್ರಕ್ಕೆ ಪರೀಕ್ಷೆ ತಪ್ಪುವುದಿಲ್ಲ. ಭಿಕ್ಷುಗಳು ಧರ್ಮವನ್ನು ರಾಗವೆಳೆದು ಹಾಡತೊಡಗಿದಾಗ ಬುದ್ಧ ಐದು ದೋಷ ಹೇಳಿದ: ಹಾಡುವವರಿಗೇ ತಮ್ಮ ದನಿಯ ಮೇಲೆ ಮೋಹ, ಕೇಳುವವರಿಗೂ ಮೋಹ, ಜನರ ಟೀಕೆ, ಸ್ವರ ತಿದ್ದುವ ಭರದಲ್ಲಿ ಸಮಾಧಿಗೆ ಭಂಗ, ಮುಂದಿನವರು ಅದನ್ನೇ ಅನುಕರಿಸುವುದು. ಸರಳವಾದ ಸ್ವರಪಾಠಕ್ಕೆ ಮಾತ್ರ ಒಪ್ಪಿಗೆಯಿತ್ತು. ನಿದ್ದೆ ಬರಿಸಲು ಹಚ್ಚುವ ಎಂಟು ಗಂಟೆಯ ಮಂತ್ರಪಠಣ, ಅಡುಗೆ ಮಾಡುತ್ತ ಒಂದರ ಹಿಂದೊಂದು ಕೇಳುವ ಧರ್ಮಪ್ರವಚನ ಇವೆಲ್ಲ ಕೂಡ ಮುಂದಿನದು ಎಲ್ಲಿದೆ ಎಂಬ ಸಿಗಾಲನ ಹುಡುಕಾಟವೇ ಆಗಿಬಿಡಬಲ್ಲವು. ಒಂದು ಪ್ರವಚನ ಕೇಳಿದ ಮೇಲೆ ಮುಂದಿನದನ್ನು ಹಚ್ಚುವ ಮೊದಲು ಅಷ್ಟೇ ಹೊತ್ತು ಧ್ಯಾನಕ್ಕೆ ಕೂರುವ ಒಪ್ಪಂದ ಮಾಡಿಕೊಂಡು ನೋಡಿ. ವಾರಕ್ಕೆ ಎಷ್ಟು ಪ್ರವಚನ ಬೇಕೆಂಬ ಲೆಕ್ಕ ಬೇಗ ಕೆಳಗಿಳಿಯುತ್ತದೆ.